ಮಾರ್ಮನ್ ನೆರೆಹೊರೆಯಲ್ಲಿ ಬೇರೆ ಧರ್ಮದವರ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿಗೆ ನಾವು ಬಂದು 11 ವರ್ಷ ಆಯಿತು. ನಾನು ತುಮಕೂರು ಕಡೆಯ ಲಿಂಗಾಯತರ ಮನೆಯವಳು. ನಮ್ಮ ಬೀದಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮಾರ್ಮನ್ನರು, ಅಂದರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಗಡದವರು. ಸಾಲ್ಟ್ ಲೇಕ್ ಸಿಟಿಯಿಂದ ಪ್ರೋವೊ ತನಕ ಸಾಫ್ಟ್‌ವೇರ್ ಕಂಪನಿಗಳು ಸಾಲಾಗಿ ಬಂದಿವೆ. ಹಾಗಾಗಿ ಕನ್ನಡದ ಮನೆಗಳೂ ಬರುತ್ತಲೇ ಇವೆ. ಬಂದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚಾಗಿ ಇವೇ. ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇವರನ್ನು ಮಾರ್ಮನ್ ಅಂತ ಕರೆದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಅದು ಬೈಗುಳ ಅಲ್ಲ. ಆದರೆ 2018ರಲ್ಲಿ ಇವರ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಅವರು ಅಡ್ಡಹೆಸರು ಬೇಡ, ಪೂರ್ತಿ ಹೆಸರೇ ಹೇಳಿ ಅಂತ ಕೇಳಿಕೊಂಡರು. ಪೂರ್ತಿ ಹೆಸರು 'ದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಅದೇ ವರ್ಷ ಇವರ ಹೆಸರಾಂತ ಗಾಯಕವೃಂದ ಕೂಡ ತನ್ನ ಹೆಸರಿನಿಂದ ಮಾರ್ಮನ್ ಪದ ತೆಗೆಯಿತು. ನಮ್ಮ ಬೀದಿಯ ವಯಸ್ಸಾದವರು ಈಗಲೂ ಲ್ಯಾಟರ್-ಡೇ ಸೇಂಟ್ಸ್ ಅನ್ನುವುದನ್ನು ಚಿಕ್ಕದು ಮಾಡಿ 'ಎಲ್‌ಡಿಎಸ್' ಅನ್ನುತ್ತಾರೆ. ಇಲ್ಲಿ ಓದುವವರಿಗೆ ಗುರುತು ಸಿಗಲಿ ಅಂತ ನಾನು ಮಾರ್ಮನ್ ಅಂತಲೇ ಬರೆದಿದ್ದೇನೆ. ಎದುರಿಗೆ ಮಾತಾಡುವಾಗ 'ನಿಮ್ಮ ಚರ್ಚ್' ಅಂದರೆ ಸಾಕು.

ಒಬ್ಬೊಬ್ಬರಿಗೆ ನಾಲ್ಕೈದು ಹೆಂಡತಿಯರಂತೆ, ಹೌದಾ?

ಇಲ್ಲ. ಊರಿಂದ ಬರುವ ಮೊದಲ ಪ್ರಶ್ನೆ ಯಾವಾಗಲೂ ಇದೇ. ಹಿಂದೆ ಬಹುಪತ್ನಿತ್ವ ಇದ್ದದ್ದು ನಿಜ. 1890ರಲ್ಲಿ ಅದನ್ನು ಕೈಬಿಡುವುದಾಗಿ ಚರ್ಚ್ ಘೋಷಿಸಿತು. ಈಗ ಯಾರಾದರೂ ಹಾಗೆ ಮಾಡಿದರೆ ಚರ್ಚ್‌ನಿಂದ ಹೊರಗೆ ಹಾಕುತ್ತಾರೆ. ಈಗಲೂ ಹಾಗೆ ಬಾಳುವ ಕೆಲವು ಸಣ್ಣ ಗುಂಪುಗಳಿವೆ. ಅವು ಬೇರೆ, ಇವರು ಬೇರೆ. ದಯವಿಟ್ಟು ಪಕ್ಕದ ಮನೆಯವರನ್ನು ಇದನ್ನು ಕೇಳಬೇಡಿ. ಅವರು ಹುಟ್ಟಿದಾಗಿನಿಂದ ಇದೇ ಮಾತು ಕೇಳಿ ಸಾಕಾಗಿದ್ದಾರೆ.

ಇವರು ಇಷ್ಟೊಂದು ಒಗ್ಗಟ್ಟಾಗಿ ಇರುವುದು ಹೇಗೆ?

ಇದಕ್ಕೆ ಸ್ವಲ್ಪ ಇತಿಹಾಸ ಗೊತ್ತಿರಬೇಕು. ಜೋಸೆಫ್ ಸ್ಮಿತ್ ಎಂಬುವರು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಈ ಚರ್ಚ್ ಶುರು ಮಾಡಿದರು. ಹೋದ ಕಡೆಯೆಲ್ಲ ಅಕ್ಕಪಕ್ಕದವರ ಜೊತೆ ಜಗಳ. 1838ರಲ್ಲಿ ಮಿಸೌರಿಯ ಗವರ್ನರ್ ಇವರನ್ನು ರಾಜ್ಯದಿಂದ ಓಡಿಸಿ, ಇಲ್ಲವೇ ನಿರ್ನಾಮ ಮಾಡಿ ಅಂತ ಆಜ್ಞೆಯನ್ನೇ ಹೊರಡಿಸಿದರು. 1844ರಲ್ಲಿ ಇಲಿನಾಯ್‌ನ ಜೈಲಿಗೆ ಜನ ನುಗ್ಗಿ ಜೋಸೆಫ್ ಸ್ಮಿತ್ ಅವರನ್ನು ಕೊಂದರು. ಆಮೇಲೆ ಬ್ರಿಗಮ್ ಯಂಗ್ ಅವರ ಹಿಂದೆ ಇವರು ಎತ್ತಿನ ಗಾಡಿ ಕಟ್ಟಿಕೊಂಡು ನಡೆದು, 1847ರ ಜುಲೈನಲ್ಲಿ ಈ ಉಪ್ಪುನೀರಿನ ಸರೋವರದ ಪಕ್ಕದ ಬರಡು ಕಣಿವೆಗೆ ಬಂದು ಸೇರಿದರು. ಕಾಲುವೆ ತೋಡಿ ಊರು ಕಟ್ಟಿದರು. ಒಬ್ಬರಿಗೊಬ್ಬರು ಆಗದಿದ್ದರೆ ಅಂದು ಯಾರೂ ಉಳಿಯುತ್ತಿರಲಿಲ್ಲ. ಆ ಅಭ್ಯಾಸ ಇವತ್ತಿಗೂ ಇದೆ.

ಈಗ ಅದಕ್ಕೊಂದು ಏರ್ಪಾಡು ಇದೆ. ಅದರ ಹೆಸರು ವಾರ್ಡ್. ನಮ್ಮೂರ ಮುನ್ಸಿಪಾಲ್ಟಿ ವಾರ್ಡ್ ನೆನಪು ಮಾಡಿಕೊಳ್ಳಿ, ಬೀದಿ ಲೆಕ್ಕದಲ್ಲಿ ಗೆರೆ ಎಳೆದಿರುತ್ತಾರಲ್ಲ, ಹಾಗೇ ಇದು. ಮನೆ ಯಾವ ಬೀದಿಯಲ್ಲಿದೆಯೋ ಆ ವಾರ್ಡಿಗೇ ಹೋಗಬೇಕು. ಇಷ್ಟ ಬಂದ ಚರ್ಚ್ ಆರಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಇವರ ಸಭೆ ಅಂದರೆ ಇವರ ಬೀದಿಯೇ. ವಾರ್ಡಿನ ಮುಖ್ಯಸ್ಥರು ಬಿಷಪ್. ಅವರಿಗೆ ಸಂಬಳ ಇಲ್ಲ. ವಾರವೆಲ್ಲ ಹಲ್ಲಿನ ಡಾಕ್ಟರೋ ಪ್ಲಂಬರೋ ಆಗಿದ್ದವರು ಸಂಜೆ ಮತ್ತು ಭಾನುವಾರ ಈ ಕೆಲಸ ಮಾಡುತ್ತಾರೆ. ಕೆಲವು ವರ್ಷ ಆದ ಮೇಲೆ ಜವಾಬ್ದಾರಿ ಬೇರೆಯವರಿಗೆ ಹೋಗುತ್ತದೆ. ಪಿಯಾನೋ ನುಡಿಸುವುದು, ಮಕ್ಕಳಿಗೆ ಪಾಠ, ಹುಷಾರಿಲ್ಲದವರ ಮನೆಗೆ ಊಟ, ಎಲ್ಲದಕ್ಕೂ ಒಬ್ಬೊಬ್ಬರನ್ನು ಗೊತ್ತು ಮಾಡಿರುತ್ತಾರೆ.

ನಾವು ಬಂದ ಎರಡನೇ ದಿನವೇ ಯಾರೋ ಬಿಸಿ ಬ್ರೆಡ್ ತಂದುಕೊಟ್ಟರು. ಇದರ ಹಿಂದೆ ಏನಾದರೂ ಉದ್ದೇಶ ಇದೆಯಾ?

ನನಗೂ ಇದೇ ಅನುಮಾನ ಇತ್ತು. ಪಕ್ಕದ ಮನೆಯಾಕೆ ಗಾಜಿನ ಟ್ರೇಯಲ್ಲಿ ಸಿನಮನ್ ರೋಲ್ ತಂದಿದ್ದರು. ಮೇಲೆ ಫಾಯಿಲ್ ಮುಚ್ಚಿ, ಅದರ ಮೇಲೆ ಟೇಪ್ ಅಂಟಿಸಿ, ತಮ್ಮ ಹೆಸರು ಮತ್ತು ಫೋನ್ ನಂಬರ್ ಬರೆದಿದ್ದರು. ನಾನು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡೆ. ಮೂರು ವಾರ ಆ ಟ್ರೇ ನಮ್ಮ ಕಟ್ಟೆಯ ಮೇಲೆ ಹಾಗೇ ಇತ್ತು. ನೋಡಿದಾಗಲೆಲ್ಲ ಅಮ್ಮನ ಮಾತು ನೆನಪಾಗುತ್ತಿತ್ತು. ಬೇರೆಯವರ ಮನೆ ಪಾತ್ರೆ ಖಾಲಿ ವಾಪಸ್ ಕೊಡಬಾರದು. ಕೊನೆಗೆ ಒಂದು ಸಂಜೆ ಅದರ ತುಂಬ ಚಿತ್ರಾನ್ನ ಹಾಕಿಕೊಂಡು ಹೋದೆ. ಆಕೆ ಬಾಗಿಲಲ್ಲೇ ನಿಂತು ಒಂದು ಕಡಲೆಬೀಜ ತೆಗೆದು ಬಾಯಿಗೆ ಹಾಕಿಕೊಂಡು, 'ಒಳಗೆ ಬನ್ನಿ, ಇದನ್ನು ಹೇಗೆ ಮಾಡುವುದು ಹೇಳಿ' ಅಂದರು. ಅಲ್ಲಿಂದ ಇವತ್ತಿನ ತನಕ ಆ ಟ್ರೇ ಎರಡೂ ಮನೆ ನಡುವೆ ಓಡಾಡುತ್ತಲೇ ಇದೆ.

ಉದ್ದೇಶದ ಮಾತಿಗೆ ಬರೋಣ. ತಮ್ಮ ಧರ್ಮ ಒಳ್ಳೆಯದು, ನೀವೂ ಬಂದರೆ ಸಂತೋಷ ಅಂತ ಇವರಿಗೆ ಅನಿಸುತ್ತದೆ. ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ನೀವು ಬರಲ್ಲ ಅಂತ ಗೊತ್ತಾದ ಮೇಲೂ ಬ್ರೆಡ್ ಬರುತ್ತದಾ ಅನ್ನುವುದೇ ನೋಡಬೇಕಾದ್ದು. ನಮ್ಮ ಬೀದಿಯ ಹತ್ತು ಮನೆಯಲ್ಲಿ ಎಂಟು ಮನೆಯಿಂದ ಬಂದಿದೆ. ಉಳಿದ ಎರಡು ಮನೆಯವರು ನಾವು ಚರ್ಚ್‌ಗೆ ಬರಲ್ಲ ಅಂದ ಮೇಲೆ ಮಾತು ಕಡಿಮೆ ಮಾಡಿದರು. ನೋವಾಯಿತು, ನಿಜ. ಆ ಎರಡರ ಸಿಟ್ಟನ್ನು ಎಂಟರ ಮೇಲೆ ಹಾಕಬಾರದು ಅಂತ ನಾನೇ ನನಗೆ ಹೇಳಿಕೊಂಡೆ.

ಮಿಷನರಿ ಹುಡುಗರು ಬಾಗಿಲು ತಟ್ಟಿದರೆ ಏನು ಹೇಳಬೇಕು?

ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ಬಿಲ್ಲೆ. ಯಾವಾಗಲೂ ಜೋಡಿಯಾಗಿ ಬರುತ್ತಾರೆ. ಬಿಲ್ಲೆಯ ಮೇಲೆ 'ಎಲ್ಡರ್', ಅಂದರೆ ಹಿರಿಯರು ಅಂತ ಇರುತ್ತದೆ, ಮುಖ ನೋಡಿದರೆ ಪಿಯುಸಿ ಮುಗಿಸಿದ ಹುಡುಗರ ಹಾಗೆ. ಹುಡುಗರು 2 ವರ್ಷ, ಹುಡುಗಿಯರು 18 ತಿಂಗಳು ಮನೆ ಬಿಟ್ಟು ಈ ಕೆಲಸ ಮಾಡುತ್ತಾರೆ. ಸಂಬಳ ಇಲ್ಲ, ಖರ್ಚು ಅವರದ್ದೇ ಅಥವಾ ಮನೆಯವರದ್ದು. 2019ರ ತನಕ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ದಿನ ಅವಕಾಶ ಇತ್ತು, ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. ಈಗ ವಾರಕ್ಕೊಮ್ಮೆ ಮಾಡಬಹುದು.

ಇಲ್ಲಿ ನಮ್ಮವರು ಮಾಡುವ ಒಂದು ತಪ್ಪು ಇದೆ. ಇಲ್ಲ ಅನ್ನಲು ಸಂಕೋಚ ಪಟ್ಟು 'ನೋಡೋಣ' ಅಂದುಬಿಡುತ್ತೇವೆ. ನಮ್ಮೂರಲ್ಲಿ ನೋಡೋಣ ಅಂದರೆ ಆಗಲ್ಲ ಅಂತ ಎಲ್ಲರಿಗೂ ಗೊತ್ತು. ಇವರಿಗೆ ಗೊತ್ತಿಲ್ಲ. ನೋಡೋಣ ಅಂದರೆ ನೋಡುತ್ತಾರೆ ಅಂತಲೇ ತಿಳಿದು ಮುಂದಿನ ವಾರ ಮತ್ತೆ ಬರುತ್ತಾರೆ. ನಾನು ಒಂದು ತಿಂಗಳು ಹೀಗೆ ಮಾಡಿ ಆ ಹುಡುಗರನ್ನು ಸುಮ್ನೆ ಅಲೆಸಿದೆ. ಆಮೇಲೆ ನೆಟ್ಟಗೆ ಹೇಳಿದೆ: 'ನಮಗೆ ನಮ್ಮ ಧರ್ಮ ಇದೆ, ಅದರಲ್ಲೇ ನೆಮ್ಮದಿ ಇದೆ. ಪಾಠ ಬೇಡ. ಹಸಿವಾಗಿದ್ದರೆ ಊಟ ಮಾಡಿಕೊಂಡು ಹೋಗಿ.' ಒಬ್ಬ ನಕ್ಕ. ಇಬ್ಬರೂ ಕೂತು ಮೊಸರನ್ನ ತಿಂದರು. ಅವರ ಕೆಲಸದ ಬಗ್ಗೆ ಮತ್ತೆ ಮಾತೇ ಎತ್ತಲಿಲ್ಲ.

ಬರಲೇಬೇಡಿ ಅನ್ನುವುದಾದರೆ ಅದನ್ನೂ ಹೇಳಬಹುದು. ಇವರದ್ದೇ ನಂಬಿಕೆಯ ಸೂತ್ರಗಳು 13 ಇವೆ. ಅದರಲ್ಲಿ 11ನೆಯದು, ಮನಸ್ಸಾಕ್ಷಿಗೆ ಸರಿ ಕಂಡಂತೆ ದೇವರನ್ನು ಪೂಜಿಸುವ ಹಕ್ಕು ನಮಗಿರಲಿ, ಬೇರೆಯವರಿಗೂ ಅದೇ ಹಕ್ಕಿರಲಿ, ಅವರು ಹೇಗೆ, ಎಲ್ಲಿ, ಯಾರನ್ನು ಪೂಜಿಸಿದರೂ ಸರಿ ಅನ್ನುತ್ತದೆ. ಇಲ್ಲಿನ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸುತ್ತಾರೆ.

ಮನೆಗೆ ಬಂದವರಿಗೆ ಕಾಫಿ ಕೊಡಬಹುದಾ?

ಬೇಡ. ಕಾಫಿ, ಟೀ, ಮದ್ಯ, ತಂಬಾಕು ನಾಲ್ಕೂ ಇವರಿಗೆ ನಿಷಿದ್ಧ. 1833ರಿಂದ ಬಂದ ನಿಯಮ. ಗ್ರೀನ್ ಟೀ, ಐಸ್ಡ್ ಟೀ ಕೂಡ ಟೀ ಲೆಕ್ಕಕ್ಕೇ ಸೇರುತ್ತದೆ. ಕೋಲಾ ಕುಡಿಯಬಹುದು. ಅದಕ್ಕೇ ಇಲ್ಲಿ ಬೀದಿಗೊಂದು ಸೋಡಾ ಅಂಗಡಿ. ಕೋಲಾಕ್ಕೆ ತೆಂಗಿನ ಸಿರಪ್, ಕ್ರೀಮ್, ನಿಂಬೆ ಹಾಕಿ ಕೊಡುವ 'ಡರ್ಟಿ ಸೋಡಾ'ಕ್ಕೆ ಕಾರಿನ ಸಾಲು ನಿಂತಿರುತ್ತದೆ.

ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದು ನಮಗೆ ಎಷ್ಟು ಕಷ್ಟ, ಅಲ್ವಾ? ಮೊದಮೊದಲು ಕೈಯೇ ಓಡುತ್ತಿರಲಿಲ್ಲ. ಈಗ ಚಳಿಗಾಲಕ್ಕೆ ಬಾದಾಮಿ ಹಾಲು, ಇಲ್ಲವೇ ಜೀರಿಗೆ-ಧನಿಯಾ ಕಷಾಯ. ಬೇಸಿಗೆಗೆ ಮಜ್ಜಿಗೆ, ಬೆಲ್ಲದ ಪಾನಕ. ಕಷಾಯ ಕೊಡುವಾಗ ಇದರಲ್ಲಿ ಟೀ ಎಲೆ ಇಲ್ಲ ಅಂತ ಮೊದಲೇ ಹೇಳಿಬಿಡಿ. ಅವರು ಕೇಳಲು ಸಂಕೋಚ ಪಡುತ್ತಾರೆ. ಕಾಫಿ ಪುಡಿ ಬಿದ್ದ ಕೇಕ್, ರಮ್ ಹಾಕಿದ ಸಿಹಿ ಬೇಡ. ಹಾಗಂತ ಅವರ ಮುಂದೆ ನೀವು ಕಾಫಿ ಕುಡಿಯಬಾರದು ಅಂತೇನಿಲ್ಲ. ನಮ್ಮ ಪಕ್ಕದ ಮನೆಯಾಕೆಗೆ ಫಿಲ್ಟರ್ ಕಾಫಿ ವಾಸನೆ ಬಹಳ ಇಷ್ಟ. ನಾನು ಡಿಕಾಕ್ಷನ್ ಹಾಕುವಾಗ ಹತ್ತಿರ ಬಂದು ನಿಲ್ಲುತ್ತಾರೆ, ಕುಡಿಯುವುದು ಮಾತ್ರ ಪಾನಕ.

ವಾರ್ಡಿನ ಊಟಕ್ಕೆ ಕರೆದಿದ್ದಾರೆ. ಸಸ್ಯಾಹಾರಿಗಳು ಏನು ತಿನ್ನಬಹುದು?

ಕೇಳಿ ತಿನ್ನಿ. ಮಾಂಸ ಕಾಣದ ಅಡುಗೆಯಲ್ಲೂ ಅದು ಇರುತ್ತದೆ. 'ಫ್ಯೂನರಲ್ ಪೊಟೇಟೋಸ್' ಅಂತ ಒಂದು ಆಲೂಗಡ್ಡೆ ಪದಾರ್ಥ ಎಲ್ಲ ಊಟದಲ್ಲೂ ಇರುತ್ತದೆ. ತಿಥಿ ಊಟಕ್ಕೆ ಮಾಡುತ್ತಿದ್ದದ್ದು, ಅದಕ್ಕೇ ಆ ಹೆಸರು. ಮೇಲೆ ಕಾರ್ನ್‌ಫ್ಲೇಕ್ಸ್, ಒಳಗೆ ಚೀಸ್, ನೋಡಲು ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಹೆಚ್ಚಾಗಿ ಡಬ್ಬಿಯ ಚಿಕನ್ ಸೂಪ್ ಬೆರೆಸುತ್ತಾರೆ. ಹಸಿರು ಬಣ್ಣದ ಜೆಲ್ಲೊ, ಅಂದರೆ ಅಲುಗಾಡುವ ಸಿಹಿ ಜೆಲ್ಲಿ, ಇನ್ನೊಂದು. 2001ರಲ್ಲಿ ಯೂಟಾ ಶಾಸನಸಭೆ ಅದನ್ನು ರಾಜ್ಯದ ತಿಂಡಿ ಅಂತಲೇ ಠರಾವು ಮಾಡಿತು. ಅದರಲ್ಲಿರುವ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ಮಕ್ಕಳಿಗೆ ಕೊಡುವ ಮಾರ್ಷ್‌ಮೆಲೋ ಕೂಡ ಅಷ್ಟೇ. ಇದನ್ನು ನಾನು ಹೇಳಿದಾಗ ವಾರ್ಡಿನ ಹೆಂಗಸರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮುಂದಿನ ಸಲ ಮಶ್ರೂಮ್ ಸೂಪ್ ಹಾಕಿದ ಆಲೂಗಡ್ಡೆ ಟ್ರೇ ಬೇರೆಯೇ ಇತ್ತು, ಮೇಲೆ ನಮ್ಮ ಮನೆ ಹೆಸರಿನ ಚೀಟಿ. ನೀವೂ ಒಂದು ಅಡುಗೆ ಜಾಸ್ತಿ ಮಾಡಿಕೊಂಡು ಹೋಗಿ. ಖಾರ ಕಮ್ಮಿ ಇರಲಿ. ನಿಂಬೆಹಣ್ಣಿನ ಚಿತ್ರಾನ್ನ ಖಂಡಿತ ಖಾಲಿಯಾಗುತ್ತದೆ.

ಮಕ್ಕಳು ಒಂಟಿಯಾಗುತ್ತಾರಾ?

ಇದೇ ದೊಡ್ಡ ಪ್ರಶ್ನೆ. ಸುಲಭದ ಉತ್ತರ ಕೊಡಲು ನನಗೆ ಇಷ್ಟ ಇಲ್ಲ.

ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಮನೆಗೆ ಬಂದು 'ಅಮ್ಮಾ, ನಾವು ಯಾವ ವಾರ್ಡ್?' ಅಂತ ಕೇಳಿದಳು. ಇಲ್ಲಿ ಹೊಸ ಮಗುವನ್ನು ಮಾತಾಡಿಸುವ ರೀತಿಯೇ ಅದು. ಯಾವ ವಾರ್ಡೂ ಇಲ್ಲ ಅಂದಾಗ ಎದುರಿನ ಮಗುವಿಗೆ ಮುಂದೆ ಏನು ಹೇಳಬೇಕೋ ತೋಚಿರಲಿಲ್ಲ, ಅಷ್ಟೇ. ಆಮೇಲೆ 8 ವರ್ಷಕ್ಕೆ ಬಂದಾಗ ಇನ್ನೊಂದು. ಇವರಲ್ಲಿ ಮಕ್ಕಳಿಗೆ ಆ ವಯಸ್ಸಿಗೆ ಬ್ಯಾಪ್ಟಿಸಮ್, ಅಂದರೆ ನೀರಲ್ಲಿ ಮುಳುಗಿಸಿ ಚರ್ಚ್‌ಗೆ ಸೇರಿಸಿಕೊಳ್ಳುವ ವಿಧಿ, ಮಾಡಿಸುತ್ತಾರೆ. ಬಿಳಿ ಬಟ್ಟೆ, ಅಜ್ಜ-ಅಜ್ಜಿ, ಆಮೇಲೆ ಊಟ. ಒಂದೇ ವರ್ಷದಲ್ಲಿ ಅವಳ ಗೆಳತಿಯರಿಗೆಲ್ಲ ಆಯಿತು. 'ನನ್ನದು ಯಾವಾಗ?' ಅಂತ ಕೇಳಿದಳು. ಆ ರಜೆಯಲ್ಲಿ ಊರಿಗೆ ಕರೆದುಕೊಂಡು ಹೋಗಿ ಅವಳಿಗೆ ಲಿಂಗದೀಕ್ಷೆ ಕೊಡಿಸಿದೆವು. ವಾಪಸ್ ಬಂದಾಗ ಗೆಳತಿಯರನ್ನು ಕರೆದು ಹೋಳಿಗೆ ಊಟ ಹಾಕಿಸಿದೆ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವುದನ್ನು ಅವಳೇ ತೋರಿಸಿದಳು. ಐದು ಹುಡುಗಿಯರು ಉಸಿರು ಬಿಡದೆ ನೋಡಿದರು. ತನ್ನ ಮನೆಯದ್ದು ಏನು ಅಂತ ಮಗುವಿಗೆ ಗೊತ್ತಿದ್ದರೆ ಅರ್ಧ ಕಷ್ಟ ಕಮ್ಮಿ.

ಉಳಿದ ಅರ್ಧ ಇದ್ದೇ ಇರುತ್ತದೆ. ಹೈಸ್ಕೂಲಿಗೆ ಬಂದಾಗ ವಾರ್ಡಿನ ಮಕ್ಕಳಿಗೆ ವಾರದ ಮಧ್ಯೆ ಒಂದು ಸಂಜೆ ಆಟ, ಬೇಸಿಗೆಯಲ್ಲಿ ಕ್ಯಾಂಪು. ಶಾಲೆಯ ವೇಳೆಯಲ್ಲೇ ಒಂದು ಪೀರಿಯಡ್ ಎದ್ದು ಪಕ್ಕದ ಚರ್ಚ್ ಕಟ್ಟಡಕ್ಕೆ 'ಸೆಮಿನರಿ' ಅನ್ನುವ ಧರ್ಮದ ಪಾಠಕ್ಕೆ ಹೋಗುತ್ತಾರೆ. 1912ರಲ್ಲಿ ಸಾಲ್ಟ್ ಲೇಕ್‌ನ ಗ್ರ್ಯಾನೈಟ್ ಹೈಸ್ಕೂಲಿನ ಪಕ್ಕ ಶುರುವಾದ ಪದ್ಧತಿ. ನಿಮ್ಮ ಮಗು ಆ ಪೀರಿಯಡ್‌ನಲ್ಲಿ ಬೇರೆ ವಿಷಯ ತಗೊಳ್ಳಬಹುದು, ಯಾವ ಒತ್ತಾಯವೂ ಇಲ್ಲ. ಆದರೆ ಗೆಳೆಯರೆಲ್ಲ ಎದ್ದು ಹೋಗುವುದನ್ನು ದಿನಾ ನೋಡುವುದಿದೆಯಲ್ಲ, ಅದು ಸಣ್ಣ ವಿಷಯ ಅಲ್ಲ. ಇಲ್ಲಿ ಅಪ್ಪ ಅಮ್ಮ ಕೆಲಸ ಮಾಡಬೇಕು. ಮನೆಯನ್ನು ಮಕ್ಕಳು ಸೇರುವ ಜಾಗ ಮಾಡಿ. ಶುಕ್ರವಾರ ಸಂಜೆ ದೋಸೆ ಹಾಕುತ್ತೇನೆ ಅನ್ನಿ. ಎಲ್ಲ ವಾರ್ಡಿನವರೂ, ವಾರ್ಡ್ ಇಲ್ಲದವರೂ ಬರುತ್ತಾರೆ.

ಇನ್ನೊಂದು ಭಯ ಇರುತ್ತದೆ, ನಮಗೆ ಗೊತ್ತಿಲ್ಲದೆ ಮಗುವಿಗೆ ಬ್ಯಾಪ್ಟಿಸಮ್ ಮಾಡಿಬಿಟ್ಟರೆ ಅಂತ. ಹಾಗೆ ಮಾಡುವುದಿಲ್ಲ. ಅಪ್ರಾಪ್ತ ವಯಸ್ಸಿನವರಿಗೆ ತಂದೆ ತಾಯಿಯ ಒಪ್ಪಿಗೆ ಬೇಕೇ ಬೇಕು.

ನಾವು ಅವರ ಚರ್ಚ್ ಸಭೆಗೆ ಹೋಗಬಹುದಾ?

ಯಾರು ಬೇಕಾದರೂ ಹೋಗಬಹುದು. 2019ರಿಂದ ಭಾನುವಾರದ ಸಭೆ 2 ಗಂಟೆ, ಮೊದಲು 3 ಗಂಟೆ ಇತ್ತು. ಮೊದಲ ಭಾಗದಲ್ಲಿ ಚಿಕ್ಕ ಹುಡುಗರು ಬ್ರೆಡ್ ಚೂರು, ಆಮೇಲೆ ನೀರಿನ ಪುಟ್ಟ ಲೋಟಗಳ ತಟ್ಟೆ ಹಿಡಿದು ಸಾಲು ಸಾಲಿಗೆ ಬರುತ್ತಾರೆ. ಅದು ಅವರ ಪವಿತ್ರ ವಿಧಿ. ನೀವು ತಗೊಳ್ಳಬೇಕಾಗಿಲ್ಲ. ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದರೆ ಆಯಿತು. ಯಾರೂ ತಿರುಗಿ ನೋಡುವುದಿಲ್ಲ. ಪಕ್ಕದ ಮನೆ ಮಗುವಿಗೆ ಹೆಸರಿಟ್ಟು ಆಶೀರ್ವಾದ ಮಾಡುವ ದಿನ ಅಥವಾ ಮಿಷನ್‌ಗೆ ಹೊರಟ ಹುಡುಗ ಮಾತಾಡುವ ದಿನ ಕರೆದರೆ ತಪ್ಪಿಸಬೇಡಿ. ಅದು ನಿಮಗೆ ಕೊಟ್ಟ ಮರ್ಯಾದೆ.

ತಿಂಗಳ ಮೊದಲ ಭಾನುವಾರ ಇವರು ಎರಡು ಹೊತ್ತು ಉಪವಾಸ ಇರುತ್ತಾರೆ. ಉಳಿದ ಊಟದ ದುಡ್ಡನ್ನು ಬಡವರಿಗೆ ಅಂತ ಕೊಡುತ್ತಾರೆ. ಇದನ್ನು ಕೇಳಿದ ದಿನ ನಾನು ಪಕ್ಕದ ಮನೆಯಾಕೆಗೆ ನಮ್ಮ ಸಿದ್ಧಗಂಗಾ ಮಠದ ದಾಸೋಹದ ಬಗ್ಗೆ ಹೇಳಿದೆ. ದಿನಾ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಉಣ್ಣುವುದು, ಜಾತಿ ಕೇಳದೆ ಓದಿಸುವುದು. 'ದಾಸೋಹ' ಅನ್ನುವ ಪದವನ್ನು ಆಕೆ ಮೂರು ಸಲ ಹೇಳಿ ಕಲಿತರು. ಈಗ ಯಾರ ಮನೆಗಾದರೂ ಊಟ ಕಳಿಸುವಾಗ ನನಗೆ ಮೆಸೇಜ್ ಹಾಕುತ್ತಾರೆ: 'ಇವತ್ತು ದಾಸೋಹ ಇದೆ, ನೀವು ಅನ್ನ ಮಾಡುತ್ತೀರಾ?'

ಟೆಂಪಲ್ ಒಳಗೆ ಬಿಡುವುದಿಲ್ಲವಂತೆ, ಯಾಕೆ?

ಚರ್ಚ್ ಬೇರೆ, ಟೆಂಪಲ್ ಬೇರೆ. ಬೀದಿಯ ಚರ್ಚ್ ಕಟ್ಟಡ ಎಲ್ಲರಿಗೂ ತೆರೆದಿರುತ್ತದೆ. ಟೆಂಪಲ್ ಅಂದರೆ ಮದುವೆಯಂಥ ವಿಶೇಷ ವಿಧಿಗಳು ನಡೆಯುವ ಮಂದಿರ, ಅದು ಮಾತ್ರ ಬಿಷಪ್ ಹತ್ತಿರ ಅನುಮತಿ ಚೀಟಿ ಪಡೆದ ಸದಸ್ಯರಿಗೆ. ಎಲ್ಲ ಸದಸ್ಯರಿಗೂ ಅದು ಸಿಗುವುದಿಲ್ಲ. ಸಾಲ್ಟ್ ಲೇಕ್ ಟೆಂಪಲ್ ಕಟ್ಟಲು 1853ರಿಂದ 1893ರ ತನಕ 40 ವರ್ಷ ಹಿಡಿಯಿತು. ಹೊಸ ಟೆಂಪಲ್ ಕಟ್ಟಿದಾಗ ಸಮರ್ಪಣೆಗೆ ಮೊದಲು ಕೆಲವು ದಿನ ಎಲ್ಲ ಧರ್ಮದವರನ್ನೂ ಒಳಗೆ ಬಿಟ್ಟು ತೋರಿಸುತ್ತಾರೆ. ಆ ಅವಕಾಶ ಬಂದರೆ ಬಿಡಬೇಡಿ.

ಇದರಿಂದ ನಿಜವಾದ ನೋವು ಆಗುವುದು ಮದುವೆಯಲ್ಲಿ. ಮಗ ಈ ಚರ್ಚ್ ಸೇರಿದ, ಅಪ್ಪ ಅಮ್ಮ ಬೇರೆ ಧರ್ಮ. ಟೆಂಪಲ್ ಒಳಗೆ ನಡೆಯುವ ಮದುವೆಗೆ ಹೆತ್ತವರಿಗೇ ಪ್ರವೇಶ ಇಲ್ಲ. ಅವರು ಹೊರಗೆ ಹೂದೋಟದಲ್ಲಿ ಕಾಯಬೇಕು. ಮೊದಲು ಎಲ್ಲರ ಮುಂದೆ ಮದುವೆಯಾಗಿ ಆಮೇಲೆ ಟೆಂಪಲ್‌ಗೆ ಹೋಗುತ್ತೇವೆ ಅಂದರೆ ಅಮೆರಿಕದಲ್ಲಿ ಒಂದು ವರ್ಷ ಕಾಯಬೇಕಿತ್ತು. 2019ರ ಮೇ ತಿಂಗಳಲ್ಲಿ ಆ ನಿಯಮ ತೆಗೆದರು. ಎಷ್ಟೋ ತಾಯಂದಿರ ಹೊಟ್ಟೆ ತಣ್ಣಗಾಗಿರುತ್ತದೆ. ನನ್ನ ಕೇಳಿದರೆ ಇದನ್ನು ಇನ್ನೂ ಮೊದಲೇ ಮಾಡಬೇಕಿತ್ತು.

ಯಾವುದನ್ನು ಕೇಳಬಾರದು?

ಟೆಂಪಲ್‌ಗೆ ಹೋಗಿ ಬಂದವರು ಬಟ್ಟೆಯ ಒಳಗೆ ಒಂದು ಪವಿತ್ರ ಉಡುಪು ಹಾಕಿಕೊಳ್ಳುತ್ತಾರೆ. ಅದರ ಬಗ್ಗೆ ಜನ ಆಡಿಕೊಂಡು ನಗುವುದನ್ನು ಕೇಳಿದ್ದೇನೆ. ನಮ್ಮ ಕೊರಳಲ್ಲಿರುವ ಇಷ್ಟಲಿಂಗದ ಕರಡಿಗೆಯನ್ನು ಯಾರಾದರೂ ಎಳೆದು, ಇದರೊಳಗೆ ಏನಿದೆ ತೋರಿಸು ಅಂತ ನಕ್ಕರೆ ನಮಗೆ ಹೇಗಾಗುತ್ತದೆ? ಅಷ್ಟೇ ಅವರಿಗೂ ಆಗುತ್ತದೆ. ಹಾಗೇ ಯಾರಾದರೂ ಚರ್ಚ್ ಬಿಟ್ಟಿದ್ದರೆ, ಯಾಕೆ ಬಿಟ್ಟಿರಿ ಅಂತ ಮನೆಯವರ ಮುಂದೆ ಕೇಳಬೇಡಿ. ಒಂದೇ ಮನೆಯಲ್ಲಿ ಅಣ್ಣ ಬಿಷಪ್, ತಮ್ಮ ಚರ್ಚ್ ಬಿಟ್ಟವನು ಇರುತ್ತಾನೆ. ಆ ಗಾಯ ಆಳವಾಗಿರುತ್ತದೆ.

ಸತ್ತುಹೋದ ನಮ್ಮ ಹಿರಿಯರಿಗೂ ಬ್ಯಾಪ್ಟಿಸಮ್ ಮಾಡುತ್ತಾರಂತೆ?

ತಮ್ಮ ಪೂರ್ವಜರ ಹೆಸರಿನಲ್ಲಿ, ಬದುಕಿರುವ ಒಬ್ಬರು ನೀರಲ್ಲಿ ಮುಳುಗಿ ಎದ್ದು ಇದನ್ನು ಮಾಡುತ್ತಾರೆ. ಒಪ್ಪುವುದು ಬಿಡುವುದು ಆ ಆತ್ಮದ ಇಷ್ಟ ಅಂತ ಅವರ ನಂಬಿಕೆ. ತಮ್ಮ ಸ್ವಂತ ವಂಶದವರ ಹೆಸರನ್ನೇ ಕೊಡಬೇಕು ಅಂತ ನಿಯಮ ಇದೆ. ಆದರೂ ಹಿಟ್ಲರನ ಕಾಲದಲ್ಲಿ ಸತ್ತ ಯಹೂದಿಗಳ ಹೆಸರು ಸೇರಿ ಬಹಳ ನೋವಾಗಿತ್ತು. 1995ರಲ್ಲಿ ಯಹೂದಿ ಸಂಘಟನೆಗಳ ಜೊತೆ ಒಪ್ಪಂದ ಆಯಿತು. ನನ್ನ ಮನಸ್ಸಿನ ಮಾತು ಹೇಳುತ್ತೇನೆ. ಪ್ರೀತಿಯಿಂದ ಮಾಡುತ್ತಾರೆ ಅಂತ ಗೊತ್ತು, ಆದರೂ ನಮ್ಮ ತಾತನ ಹೆಸರು ಅಲ್ಲಿ ಬರುವುದು ನನಗೆ ಬೇಡ. ಪಕ್ಕದ ಮನೆಯಾಕೆಗೂ ಇದನ್ನು ಹೇಳಿದ್ದೇನೆ. ಆಕೆ ತಲೆಯಾಡಿಸಿದರು.

ಇದೇ ನಂಬಿಕೆಯಿಂದ ಹುಟ್ಟಿದ ಒಂದು ಒಳ್ಳೆಯ ಕೆಲಸ ಇದೆ. ಸಾಲ್ಟ್ ಲೇಕ್ ಸಿಟಿಯ ವಂಶಾವಳಿ ಗ್ರಂಥಾಲಯ, ಫ್ಯಾಮಿಲಿಸರ್ಚ್. ಯಾರು ಬೇಕಾದರೂ ಹೋಗಿ ದುಡ್ಡಿಲ್ಲದೆ ಹುಡುಕಬಹುದು. ಹರಿದ್ವಾರದ ಪಂಡಾಗಳು ಬರೆದಿಟ್ಟ ಯಾತ್ರಿಕರ ವಂಶಾವಳಿ ಪುಸ್ತಕಗಳ ಪ್ರತಿಯನ್ನೂ ಇವರು ತೆಗೆದಿಟ್ಟಿದ್ದಾರೆ.

ಯೂಟಾದಲ್ಲಿ ಬೇರೆ ಧರ್ಮದವರು ಮೊದಲಿಂದ ಹೇಗೆ ಬಾಳಿದ್ದಾರೆ?

ಜಗಳವೂ ಇತ್ತು, ಸ್ನೇಹವೂ ಇತ್ತು. ಮೊದಲೆಲ್ಲ ಇಲ್ಲಿ ಮಾರ್ಮನ್ ಅಲ್ಲದವರಿಗೆಲ್ಲ 'ಜೆಂಟೈಲ್' ಅನ್ನುತ್ತಿದ್ದರು. ಅದು ಯಹೂದಿಗಳು ಹೊರಗಿನವರಿಗೆ ಬಳಸುವ ಪದ. ಯೂಟಾದಲ್ಲಿ ಯಹೂದಿಗಳೂ ಜೆಂಟೈಲ್ ಆಗಿಬಿಟ್ಟರು! ಆದರೆ ಅಂಥ ಒಬ್ಬ ಯಹೂದಿ, ಸೈಮನ್ ಬ್ಯಾಂಬರ್ಗರ್, 1916ರಲ್ಲಿ ಇದೇ ರಾಜ್ಯದ ಗವರ್ನರ್ ಆಗಿ ಗೆದ್ದರು.

ನನಗೆ ತುಂಬ ಇಷ್ಟವಾದ ಕಥೆ ಸೇಂಟ್ ಜಾರ್ಜ್ ಊರಿನದು. 1879ರಲ್ಲಿ ಅಲ್ಲಿಗೆ ಹತ್ತಿರದ ಸಿಲ್ವರ್ ರೀಫ್ ಬೆಳ್ಳಿ ಗಣಿಯಲ್ಲಿ ಕ್ಯಾಥೊಲಿಕ್ ಕೂಲಿಕಾರರಿದ್ದರು. ಫಾದರ್ ಲಾರೆನ್ಸ್ ಸ್ಕ್ಯಾನ್‌ಲನ್ ಅವರಿಗೆ ದೊಡ್ಡ ಪೂಜೆ ನಡೆಸಲು ಜಾಗ ಇರಲಿಲ್ಲ. ಮಾರ್ಮನ್ನರು ತಮ್ಮ ಪ್ರಾರ್ಥನಾ ಮಂದಿರವನ್ನೇ ಬಿಟ್ಟುಕೊಟ್ಟರು. ಪೂಜೆಗೆ ಲ್ಯಾಟಿನ್ ಹಾಡು ಬೇಕು, ಹಾಡುವವರಿಲ್ಲ. ಮಾರ್ಮನ್ ಗಾಯಕರೇ ಲ್ಯಾಟಿನ್ ಕಲಿತು ಹಾಡಿದರು. ಒಂದು ಧರ್ಮದವರು ಇನ್ನೊಂದು ಧರ್ಮದ ಪೂಜೆ ನಡೆಯಲಿ ಅಂತ ಭಾಷೆ ಕಲಿಯುವುದು ಅಂದರೆ ಎಷ್ಟು ದೊಡ್ಡ ಮನಸ್ಸು!

ಹಿಂದೂಗಳಿಗೆ ಸೌತ್ ಜಾರ್ಡನ್‌ನಲ್ಲಿ ಗಣೇಶ ದೇವಸ್ಥಾನ ಇದೆ. ಸ್ಪ್ಯಾನಿಷ್ ಫೋರ್ಕ್‌ನಲ್ಲಿ ರಾಧಾಕೃಷ್ಣ ದೇವಸ್ಥಾನ ಇದೆ. ಅದನ್ನು ಕಟ್ಟುವಾಗ ಮಾರ್ಮನ್ ಚರ್ಚ್ ದುಡ್ಡು ಕೊಟ್ಟಿತು, ಸುತ್ತಲಿನ ವಾರ್ಡಿನವರು ಬಂದು ಮೈಮುರಿದು ದುಡಿದರು. ಮಾರ್ಚ್‌ನಲ್ಲಿ ಅಲ್ಲಿ ಹೋಳಿ ನಡೆದಾಗ ಬಣ್ಣ ಎರಚುವ ಸಾವಿರಾರು ಜನರಲ್ಲಿ ಹೆಚ್ಚಿನವರು ಮಾರ್ಮನ್ ಕಾಲೇಜು ಹುಡುಗರು. ಕುಡಿತ ಇಲ್ಲದ ಹಬ್ಬ, ಅವರಿಗೂ ಹೇಳಿ ಮಾಡಿಸಿದ ಹಾಗಿದೆ.

ಯಾವ ದಿನ ಏನು ಮಾಡಬಾರದು?

ಭಾನುವಾರ ಯಾರನ್ನೂ ಹುಟ್ಟುಹಬ್ಬಕ್ಕೆ ಕರೆಯಬೇಡಿ, ಬರುವುದಿಲ್ಲ. ಸೋಮವಾರ ಸಂಜೆಯನ್ನು ಮನೆಯವರ ಜೊತೆ ಕಳೆಯಲು ಮೀಸಲಿಡುತ್ತಾರೆ. ಶನಿವಾರ ಎಲ್ಲಕ್ಕಿಂತ ವಾಸಿ. ಜುಲೈ 24 ರಾಜ್ಯಕ್ಕೆ ರಜೆ, 1847ರಲ್ಲಿ ಇಲ್ಲಿ ಬಂದು ಸೇರಿದ ದಿನ. ಸಾಲ್ಟ್ ಲೇಕ್‌ನಲ್ಲಿ ದೊಡ್ಡ ಮೆರವಣಿಗೆ, ಬೀದಿಗಳಲ್ಲಿ ಬೆಳಗಿನ ತಿಂಡಿ. ತಿಂಡಿಗೆ ಎಲ್ಲರಿಗೂ ಕರೆ ಇರುತ್ತದೆ, ಹೋಗಿ.

ಆಫೀಸಿನಲ್ಲಿ ತಾರತಮ್ಯ ಇದೆಯಾ?

ಕಾನೂನಿನ ಪ್ರಕಾರ ಧರ್ಮ ನೋಡಿ ಕೆಲಸ ಕೊಡುವ ಹಾಗಿಲ್ಲ. ಆದರೆ ಒಂದೇ ವಾರ್ಡಿನವರು, ಒಂದೇ ದೇಶದಲ್ಲಿ ಮಿಷನ್ ಮಾಡಿದವರು ಒಬ್ಬರಿಗೊಬ್ಬರು ಮೊದಲೇ ಪರಿಚಯ. ಒಳ್ಳೆಯ ಕೆಲಸದ ಸುದ್ದಿ ಅವರ ನಡುವೆ ಬೇಗ ಓಡುತ್ತದೆ. ಹೊರಗಿನವರಿಗೆ ಅದು ತಡವಾಗಿ ತಲುಪುತ್ತದೆ. ಇಲ್ಲ ಅಂತ ನಾನು ಹೇಳಲಾರೆ. ಕೇಳಿಕೊಂಡು ಹೋದರೆ ಮಾತ್ರ ಮನಸಾರೆ ಹೇಳಿಕೊಡುತ್ತಾರೆ.

ಕಷ್ಟ ಬಂದಾಗ ಸಹಾಯ ಕೇಳಬಹುದಾ?

ಕೇಳಿ. ಮನೆ ಬದಲಿಸುವಾಗ ನಮಗೆ ಹದಿನೈದು ಗಂಡಸರು ಬಂದು ಎರಡು ಗಂಟೆಯಲ್ಲಿ ಸಾಮಾನೆಲ್ಲ ಸಾಗಿಸಿದರು. ಯಜಮಾನರಿಗೆ ಆಪರೇಷನ್ ಆದಾಗ ಆರು ದಿನ ಊಟ ಬಂತು, ಬಾಗಿಲ ಮುಂದಿನ ಹಿಮ ಬೆಳಗಾಗುವಷ್ಟರಲ್ಲಿ ತೆಗೆದಿರುತ್ತಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಬರೀ ತಗೊಳ್ಳುತ್ತಿದ್ದರೆ ನಿಮಗೇ ಇರಿಸುಮುರಿಸಾಗುತ್ತದೆ. ವಾರ್ಡಿನಲ್ಲಿ ಯಾರಿಗಾದರೂ ಹೆರಿಗೆಯಾದರೆ ಊಟದ ಪಟ್ಟಿಯಲ್ಲಿ ನನ್ನ ಹೆಸರೂ ಬರೆಯಿರಿ ಅಂತ ನಾನೇ ಹೋಗಿ ಹೇಳಿದೆ. ಕೊಡುವವರ ಪಟ್ಟಿಗೆ ಸೇರಿದ ದಿನ ನನಗೆ ಇದು ನಮ್ಮ ಬೀದಿ ಅನಿಸಿತು.

ಬೆಂಗಳೂರಿನಲ್ಲೂ ಇವರಿದ್ದಾರಾ?

ಇದ್ದಾರೆ. ಬೆಂಗಳೂರು ಕೇಂದ್ರವಾಗಿ ಇವರ ಮಿಷನ್ 1993ರಲ್ಲಿ ಶುರುವಾಯಿತು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಒಂದು ಟೆಂಪಲ್ ಅಂತ ಘೋಷಿಸಿದರು, ಭಾರತದಲ್ಲಿ ಮೊದಲನೆಯದು. ನಾವು ಗುದ್ದಲಿ ಪೂಜೆ ಅನ್ನುತ್ತೇವಲ್ಲ, ಅದು 2020ರ ಡಿಸೆಂಬರ್‌ನಲ್ಲಿ ನಡೆಯಿತು. ನಮ್ಮ ಬೀದಿಯಲ್ಲಿ ಆ ಸುದ್ದಿ ಬಂದ ದಿನ ನಾಲ್ಕು ಮನೆಯವರು ಓಡಿಬಂದು ನನಗೆ ಅಭಿನಂದನೆ ಹೇಳಿದರು. ಅಲ್ಲಿನ ಪರಿಸ್ಥಿತಿ ಬೇರೆ, ನೆನಪಿರಲಿ. ಯೂಟಾದಲ್ಲಿ ನಾವು ಕಮ್ಮಿ ಜನ, ಬೆಂಗಳೂರಿನಲ್ಲಿ ಅವರು ಕಮ್ಮಿ ಜನ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂಥ ಮನೆ ಇದ್ದರೆ, ನಮಗೆ ಇಲ್ಲಿ ಸಿನಮನ್ ರೋಲ್ ಬಂದ ಹಾಗೆ ಅವರಿಗೆ ಎಳ್ಳು-ಬೆಲ್ಲ ಹೋಗಲಿ.

ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರು ಹೇಗೆ ಹೊಂದಿಕೊಳ್ಳುತ್ತಾರೆ?

ನೀವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ. ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಎದುರು ಮನೆ ಅಜ್ಜಿಗೆ 80 ದಾಟಿದೆ, ಕನ್ನಡದ ಸದ್ದೇ ಕೇಳಿದವರಲ್ಲ. ಅಮ್ಮ ಊರಿಂದ ಶಾವಿಗೆ ಒರಳು ತಂದಿದ್ದರು. ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ಇಬ್ಬರೂ ನಮ್ಮ ಅಡುಗೆಮನೆಯಲ್ಲಿದ್ದರು. ಅಮ್ಮ ಒರಳಿಗೆ ಬಿಸಿ ಹಿಟ್ಟಿನ ಉಂಡೆ ಹಾಕಿ, 'ಒತ್ತಿ, ಇನ್ನೂ ಒತ್ತಿ' ಅನ್ನುತ್ತಿದ್ದರು. ಅಜ್ಜಿ ಕಾರ್ಡಿಗನ್ ತೋಳು ಮೇಲೇರಿಸಿ ಎರಡೂ ಕೈಯಿಂದ ತಿರುಗಿಸುತ್ತಿದ್ದರು. ಕೆಳಗೆ ತಟ್ಟೆಯಲ್ಲಿ ಶಾವಿಗೆ ಸುರುಳಿ ಸುರುಳಿಯಾಗಿ ಇಳಿಯುತ್ತಿತ್ತು. ಮೊದಲ ತಟ್ಟೆಗೆ ಅಮ್ಮ ಕಾಯಿಹಾಲು ಹಾಕಿ ಕೊಟ್ಟರು. ಅಜ್ಜಿ ತಿನ್ನುವ ಮೊದಲು ತೋಳು ಕಟ್ಟಿ, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಅಮ್ಮನೂ ಚಮಚ ಕೆಳಗಿಟ್ಟು, ಕರಡಿಗೆ ಮೇಲೆ ಕೈ ಇಟ್ಟುಕೊಂಡು, ಅವರು ಕಣ್ಣು ಬಿಡುವ ತನಕ ಕಾದರು.